ಎರಡನೇದು ಏನು ಬೇಕು

ಕೌಲ್ ಬಜಾರಿನ ಹಿಂದಿನ ಓಣಿ, ಮಹಡಿ ಮೇಲೊಂದು ಶೆಡ್ಡು.
ನಾನು ಚೆಕಿಂಗಿನವಳು.
ಹೊಲಿದು ಬಂದ ಜೀನ್ಸನ್ನೆಲ್ಲ ತಿರುವಿ ಹಾಕಿ
ಒಳಮಗ್ಗುಲು ನೋಡುತ್ತೇನೆ.
ಹೊರಗಿನಿಂದ ಎಲ್ಲ ಹೊಲಿಗೆಯೂ ನೇರವೇ.

ಸಂಘಕ್ಕೆ ಈ ಸಲ ಫೋನಿನಲ್ಲೇ ಚುನಾವಣೆ.
ರಾತ್ರಿ ಪಾಳಿಯವರು, ವಾಷಿಂಗಿನವರು,
ಮನೆಯಲ್ಲೇ ಕೂತು ಗುಂಡಿ ಹಚ್ಚುವವರು,
ನಾನೂರ ಹನ್ನೆರಡು ಮಂದಿ ಒಂದೇ ಹೊತ್ತಿಗೆ ಒಂದೇ ಕಡೆ
ಸೇರಿದ್ದು ಸಾವಿಗೂ ಇಲ್ಲ, ಮದುವೆಗೂ ಇಲ್ಲ.
ಒತ್ತುವುದು ಸರಿ, ಎಣಿಸುವುದು ಹೇಗೆ?
ಎರ್ರಿಸ್ವಾಮಿ ಮೂರು ಬಗೆ ಬರೆದಿಟ್ಟಿದ್ದ,
ಕಟಿಂಗ್ ಟೇಬಲ್ಲಿನ ಮೇಲೆ, ಸೀಮೆಸುಣ್ಣದಲ್ಲಿ.

"ಮನುಷ್ಯರ ಹೆಸರು ಬ್ಯಾಡ," ಅಂದಳು ಖಾಜಾಬಿ,
"ಹೆಸರು ಬಂತಂದ್ರೆ ಜಗಳ. ನಾಷ್ಟಾ ಇಟ್ಟು ನೋಡು."
ಇಟ್ಟೆವು: ವಗ್ಗಾಣಿ, ದೋಸೆ, ಉಪ್ಪಿಟ್ಟು.
ಶೆಡ್ಡಿನಲ್ಲಿ ಇಪ್ಪತ್ತೊಂದು ಬಾಯಿ.

ಒಬ್ಬರಿಗೆ ಒಂದೇ ಅಂದಾಗ
ವಗ್ಗಾಣಿಗೆ ಒಂಬತ್ತು, ದೋಸೆಗೆ ಏಳು, ಉಪ್ಪಿಟ್ಟಿಗೆ ಐದು.
ಗೆದ್ದಿತು ವಗ್ಗಾಣಿ, ಮಿರ್ಚಿ ಸಮೇತ.
ತಿರುವಿ ನೋಡಿದೆ:
ಅದನ್ನು ಕೇಳದವರು ಹನ್ನೆರಡು.

ಮೊದಲು ಇದು, ಇಲ್ಲದಿದ್ದರೆ ಅದು, ಅಂತ ಸಾಲು ಹಚ್ಚಿದಾಗ
ಉಪ್ಪಿಟ್ಟು ಉದುರಿತು; ಅದರ ಐದರಲ್ಲಿ ನಾಲ್ಕು
ಹೋಗಿ ದೋಸೆಯ ಪಂಕ್ತಿಗೆ ಕೂತವು.
ಹನ್ನೊಂದು, ಹತ್ತು.
ವಗ್ಗಾಣಿಯವರು ಸ್ಟೂಲು ಬಿಟ್ಟು ಎದ್ದರು.

ಸೇರುವುದಕ್ಕೆಲ್ಲ ಗೀಟು ಹಾಕಿ ಅಂದಾಗ
ಹಿಂದಿನ ಬೆಂಚಿನ ಆ ಉಪ್ಪಿಟ್ಟೇ
ಹದಿನಾಲ್ಕು ಗೀಟು ಹೊತ್ತು ಮುಂದೆ ಬಂತು.
ಅದೇ ಬಾಯಿ, ಅದೇ ಹಸಿವು.
ಟೇಪು ಬದಲಾದರೆ ಸೊಂಟವೂ ಬದಲಾಗುತ್ತದೇನು?

"ಯಾರೂ ಬೈಯದವನು ಗೆಲ್ಲಲಿ ಬಿಡು," ಅಂದರು ಯಾರೋ.
"ಯಾರೂ ಬೈಯದವನು
ಮಾಲೀಕನ ಮುಂದೆ ಬಾಯಿ ಬಿಡ್ತಾನಾ?" ಅಂದ ಗಾದಿಲಿಂಗ.
ಕರೆಂಟು ಇರಲಿಲ್ಲ. ಮಷಿನ್ನುಗಳೂ ಕೇಳಿಸಿಕೊಂಡವು.

ಬಾರ್‌ಟ್ಯಾಕಿನ ಹುಲಿಗೆಮ್ಮ
ಎಂಟು ವರ್ಷದಲ್ಲಿ ಸಭೆಯಲ್ಲಿ ಮಾತಾಡಿದವಳಲ್ಲ.
"ಆ ಎರಡನೇದು ಇನ್ನೊಮ್ಮೆ ಹೇಳು.
ನಾ ಬೇಕಂದದ್ದು ಸೋತರ, ನನ್ನ ಮತ್ತ ಕೇಳ್ತಾರಾ?"
"ಕೇಳ್ತಾರ."
"ಸೋತ ಮ್ಯಾಲೂ?"
"ಸೋತ ಮ್ಯಾಲೇ, ಅವ್ವ."
ಬಾಬಿನ್ನಿಗೆ ದಾರ ಸುತ್ತುತ್ತ ಅವಳು ತುಸು ಹೊತ್ತು ಸುಮ್ಮನಿದ್ದಳು.
"ಮದಲ್ನೇದನ್ನೇ ಯಾರೂ ಕೇಳಿದ್ದಿಲ್ಲ," ಅಂದಳು.
"ಅದೇ ಇರ್ಲಿ."

ಅದನ್ನೂ ತಿರುವಿ ನೋಡಿದೆ, ರೂಢಿ.
ಒಂದು ಕಡೆ ದಾರ ಬಿಟ್ಟಿತ್ತು:
ಹುಲಿಗೆಮ್ಮನ ಓಟಿಪಿ ಬರುವುದು ಅಳಿಯನ ಫೋನಿಗೆ.
ಹಾಗೆ ಎಷ್ಟು ಜನ ಅಂತ ಕೇಳಿದರೆ
ಮೊದಲು ಮೂರು ಕೈ, ಆಮೇಲೆ ಏಳು, ಆಮೇಲೆ
ಖಾಜಾಬಿ ಸುಣ್ಣ ತಗೊಂಡು
ಟೇಬಲ್ಲಿನ ಮೇಲಿನ ದೋಸೆ ಒರಸಿ
ಹೆಸರು ಬರೆಯತೊಡಗಿದಳು.
ಸಿಮ್ಮಿನ ಅಂಗಡಿಗೆ ಹೋಗುವುದು ಯಾರ ಖರ್ಚಿನಲ್ಲಿ
ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಪದ್ಧತಿ ಆರಿಸುವುದಕ್ಕೆ ಯಾವ ಪದ್ಧತಿ?
ಆ ಗಂಟು ಬಿಚ್ಚುವ ಮೊದಲೇ ಟೀ ಬಂತು,
ಕೈ ಎತ್ತಿ ಮುಗಿಸಿದೆವು.
ಫೋನಿನ ಓಟಿಗೆ ಬೆರಳಿಗೆ ಶಾಯಿ ಇಲ್ಲವಲ್ಲ
ಅಂತ ಎರ್ರಿಸ್ವಾಮಿಗೆ ನಗು.
ಎತ್ತಿದ ಕೈಯೆಲ್ಲ ನೀಲಿ.
ಎತ್ತದವೂ.

ಟೀ ಜತೆಗೆ ಬಂದದ್ದು ಬನ್ನು.
ಯಾರೂ ಅದನ್ನು ಕೇಳಿರಲಿಲ್ಲ, ಒಂದೂ ಉಳಿಯಲಿಲ್ಲ.