ಎರಡು ಕಬ್ಬಿಣದ ನಡುವೆ

ಜೀನ್ಸಿನ ಗಂಟು ತುಂಬಿದ ಕಾಂಟೆಸ್ಸಾ
ಕೌಲ್‌ಬಜಾರಿನ ನಮ್ಮ ಗಲ್ಲಿಗೆ ಮೂರನೇ ಸಲ ಬಂತು.
ನಿಂತ ಮೇಲೂ ನಡುಗುತ್ತಿತ್ತು.
ಮೌಂಟ್ ಬದಲಿಸಿದ್ದೆವು, ಪ್ಲಗ್ ಬದಲಿಸಿದ್ದೆವು.
"ಕನ್ನಡ್ಯಾಗ ಬಳ್ಳಾರಿ ಗುಡ್ಡ ಎರಡು ಕಾಣತೈತಿ"
ಅಂದ ಗಾದಿಲಿಂಗಪ್ಪ, ಇಳಿಯದೇ.

ಉಸ್ತಾದ್ ಮೌಲಾಲಿಗೆ ಕಿವಿ ಕೇಳದು.
ಹದಿನೆಂಟು ವರ್ಷ ಅದಿರಿನ ಕ್ರಷರ್ ಪಕ್ಕ ನಿಂತು
ಅಲ್ಲೇ ಬಿಟ್ಟು ಬಂದಿದ್ದಾನೆ.
ಸ್ಕ್ರೂಡ್ರೈವರಿನ ಮೊನೆ ಎಂಜಿನ್ನಿಗೆ ಒತ್ತಿ,
ಮರದ ಹಿಡಿಯನ್ನು ದವಡೆಯಲ್ಲಿ ಕಚ್ಚಿ
ಕಣ್ಣು ಮುಚ್ಚಿದ.
ಅನ್ನದಲ್ಲಿ ಹರಳು ಸಿಕ್ಕವನ ಹಾಗೆ ಮುಖ ಮಾಡಿ,
"ಮುಂದಿನ ಪುಲ್ಲಿ ಬಿಚ್ಚಲೇ, ತಾಯಪ್ಪ."

ಬೋಲ್ಟು ಬರಲೊಲ್ಲದು.
ಬೋರ್‌ವೆಲ್ಲಿನ ತುಂಡು ಪೈಪು ಪಾನಾಕ್ಕೆ ಸಿಕ್ಕಿಸಿ
ನೇತುಬಿದ್ದೆ. ಠಣ್ ಎಂದಿತು.
ಆ ಸದ್ದನ್ನು ಉಸ್ತಾದ್ ನನ್ನ ಮುಖದಲ್ಲಿ ನೋಡಿದ.
"ಪುಲ್ಲರ್ ಹಾಕು. ಸುತ್ತಿಗಿ ಮುಟ್ಟಿದ್ರ ಕೈ ಕಡೀತೀನಿ."

ಬಂತು ಕೈಗೆ:
ಕಬ್ಬಿಣದೊಳಗೊಂದು ಕಬ್ಬಿಣ,
ನಡುವೆ ಬಳೆಯಷ್ಟು ರಬ್ಬರು,
ಹಳೇ ಚಪ್ಪಲಿ ಅಟ್ಟೆಯಂತೆ ಬಿರಿದು ಉದುರುತ್ತಿತ್ತು.
ಹೊರಗಿನ ಉಂಗುರ ಎರಡು ಬೆರಳು ಜಾರಿತ್ತು,
ಜೊತೆಗೆ ಟೈಮಿಂಗಿನ ಬಿಳಿ ಗೀರೂ.
ಮೂರು ವಾರ ಆ ಗೀರನ್ನೇ ನಂಬಿ
ನಾನು ಲೈಟು ಹಿಡಿದಿದ್ದೆ, ಬೈಸಿಕೊಂಡಿದ್ದೆ.
"ಗುರುತೇ ಜಾರಿದ್ರ ಕಣ್ಣಿನ ತಪ್ಪೇನೈತಿ?"
ಅಷ್ಟೇ. ಅವನ ಬಾಯಲ್ಲಿ ಕ್ಷಮೆ ಹಾಗಿರುತ್ತದೆ.

ಒಂದೊಂದು ಸಿಡಿತಕ್ಕೂ ಕ್ರ್ಯಾಂಕು ತಿರುಚುತ್ತದಂತೆ,
ಒಗೆದ ಜೀನ್ಸು ಹಿಂಡಿದ ಹಾಗೆ, ಕೂದಲೆಳೆಯಷ್ಟು.
ಆ ತಿರುಚನ್ನು ರಬ್ಬರು ನುಂಗುತ್ತದಂತೆ.
"ಎಷ್ಟು ವರ್ಷ ನುಂಗೀತಲೇ?"

ಹೊಸದು ಹೈದರಾಬಾದಿನ ಬಸ್ಸಿನಲ್ಲಿ,
ತೆಲುಗು ಪೇಪರು ಸುತ್ತಿಕೊಂಡು ಬಂತು.
ಕಾಯಿಸಲು ಮಿರ್ಚಿ ಬಾಣಲೆ ಕೇಳಹೊರಟವನ
ಕಾಲರ್ ಹಿಡಿದೆಳೆದ. ಚಹಾದಂಗಡಿಯ ಬಿಸಿನೀರು ಸಾಕಾಯಿತು.
ಎಣ್ಣೆ ಸವರಿ, ಕೀಲಿಗೆ ಗಾಡಿ ಕೂಡಿಸಿ
ಬೋಲ್ಟು ಬಿಗಿದೆವು.

ಎಂಜಿನ್ ಹತ್ತಿತು. ಉಸ್ತಾದ್ ಕಚ್ಚಿ ನೋಡಿ
ಹಿಡಿ ಒರೆಸಿ ನನಗೆ ಕೊಟ್ಟ.
ಹಲ್ಲಿಗೆ ಹತ್ತಿದ್ದು ಏನೆಂದು ಹೇಳಲಿ,
ತುಂಬಿದ ಕೊಡ ಹೊತ್ತವಳು
ತುಳುಕಿಸದೆ ನಡೆದ ಹಾಗಿತ್ತು.

"ಒಂದು ರಬ್ಬರ್ ಬಳೀಗೆ ಇಷ್ಟೇನು, ಸಾಬ್ರ?"
ಉಸ್ತಾದ್ ಕಿವಿ ತೋರಿಸಿದ.
ಗಾದಿಲಿಂಗಪ್ಪ ಕೂಗಿದ. ಮತ್ತೆ ಕಿವಿ ತೋರಿಸಿದ.
ನೋಟೊಂದು ಕಮ್ಮಿಯಿದ್ದದ್ದು ಮಾತ್ರ
ಹೇಗೋ ಕೇಳಿಸಿತು.

ರಾತ್ರಿ, ಅದಿರಿನ ಗೂಡ್ಸು ಹೊಸಪೇಟೆ ಕಡೆ ಹೊರಟಾಗ
ಎರಡೂ ಕಿವಿ ಮುಚ್ಚಿ
ಮಂಚದ ಕಬ್ಬಿಣ ಕಚ್ಚಿದೆ.
ನಲವತ್ತೊಂದು ಡಬ್ಬಿ ಎಣಿಸಿದೆ.
ಆಮೇಲೆ ಬರೀ ತುಕ್ಕಿನ ರುಚಿ.