ಅರವತ್ತೆರಡು

ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿನಾಗ
ಮೂವತ್ತೊಂದು ವರ್ಷದಿಂದ ಲೇಥ್ ಹಿಡದವ ನಾನು,
ಗಾಲಿ, ಬುಶ್ಶು, ಆಕ್ಸಲ್ಲು; ಕೂದಲೆಳಿ ಹತ್ತನೇ ಪಾಲಿಗೆ ಜಗಳ.
ಬಂದೂಕು ಹಿಡದವ ಅಲ್ಲ, ಬ್ಯಾಟಿ ಗೊತ್ತಿಲ್ಲ,
ಮನ್ಯಾಗ ಕೋಳಿ ಕೊಯ್ಯುವಾಗ ಎದ್ದು ಹೊರಗ ಹೋಗಾಂವ.
ಆದ್ರ ಸವಣೂರಿನ ಹಜರತಸಾಬ ಮಕಾನದಾರ
ಒಂದು ಐತವಾರ, ಎಲಿ ಅಡಿಕಿ ತಾಟಿನ ಬಾಜೂಕ,
ಕರವಸ್ತ್ರ ಬಿಚ್ಚಿ ಮೂರು ಕಾಡತೂಸು ಇಟ್ಟ.
"ಅಳದು ನೋಡು, ಬಡಿಗೇರ."

ಕಿಸೆದಾಗ ವರ್ನಿಯರ್ ಇತ್ತು. ಯಾವಾಗಲೂ ಇರತೈತಿ.
ಹಿತ್ತಾಳಿ ಕೊಳವಿ, ಅರವತ್ತೆರಡು ಮಿಲಿಮೀಟರು.
ಗುಂಡು, ಒಂಬತ್ತು ಪಾಯಿಂಟ್ ಮೂರು.
ಇನ್ನೆರಡನ್ನೂ ಅಳದೆ. ಅದ. ಅದ.
ಯಾವ ದೇಶದಾಗೋ ಯಾವನೋ ಹಾಕಿದ ಗೆರಿ
ನನ್ನ ಗೆರಿ ಮ್ಯಾಲ ಬಂದು ಕುಂತಿತ್ತು,
ಕೈಗೆ ಅಳತಿ ಬಳಿ ಏರಿಸಿದಂಗ.
ಅವತ್ತಿಂದ ಹುಚ್ಚು.

ಆಂವ ಹೇಳತಿದ್ದ: ಬರ್ಲಿನ್ನಿನಾಗ ಒಬ್ಬ ಬಂದೂಕಿನಾಂವ,
ಸಾವಿರದ ಒಂಬೈನೂರ ಐದನೇ ಇಸವಿ.
ಜಮೀನು ಮಾಡಾಕಂತ ಆಫ್ರಿಕಾಕ್ಕ ಹೊಂಟ ಜರ್ಮನರಿಗೆ
ಒಂದ ರೈಫಲ್ ಬೇಕಿತ್ತು,
ಜಿಂಕಿಗೂ ಆಗಬೇಕು, ಕಾಡಕೋಣಕ್ಕೂ ಆಗಬೇಕು, ರೊಕ್ಕ ಹತ್ತಬಾರದು.
ಆಂವ ಹೊಸಾ ಬೋಲ್ಟು ಮಾಡಲಿಲ್ಲ.
ಸಿಪಾಯಿಗಳ ಮೌಸರ್ ಹೆಂಗಿತ್ತೋ ಹಂಗ ಇಟ್ಟು
ಅದರ ಹೊಟ್ಟಿಗೆ ಹಿಡಿಸುವಷ್ಟು ದೊಡ್ಡ ತುತ್ತು ಮಾಡಿದ.
ಇಷ್ಟು ಕೇಳಿ ನಾ ಎದ್ದ ನಿಂತಿದ್ದೆ.
ಇದ್ದ ಮಶೀನಿಗೆ ಹೊಂದಿಸಿ ಕೆಲಸಾ ತಗಿಯೂದು ಏನಂತ
ನಮ್ಮ ಶಾಪಿನವರನ್ನ ಕೇಳ್ರಿ.

ಗುಂಡಿನ ತೂಕ ಒಂದೂವರಿ ತೊಲಿ, ಮ್ಯಾಲ ಏಳೆಂಟು ಗುಲಗಂಜಿ.
ಇದು ಪುಸ್ತಕದ ಲೆಕ್ಕ. ಕಿತ್ತು ತೂಗಲಿಲ್ಲ,
ಮೂರಿದ್ದದ್ದು ಎರಡ ಆಗತಿತ್ತು.
"ಈಗಿನ ಕಾಡತೂಸು ಕಿರಚತಾವ. ಇದು ಓಡೂದಿಲ್ಲ,
ನಡಕೊಂತ ಹೋಗಿ ಬಾಗಲಾ ಬಡಿತೈತಿ,
ಒಳಗಿದ್ದಾಂವ ತಗೀಲೇಬೇಕು."

ಸಂಜೀಕ ದೊಡ್ಡಹುಣಸಿ ಗಿಡದ ಕಡೆ ಅಡ್ಡಾಡಾಕ ಹೋಗತಿದ್ವಿ.
ಆನಿ ಕಾಲಿನಂಥ ಬೊಡ್ಡಿ. ಆಫ್ರಿಕಾದ್ದಂತ, ಯಾರು ತಂದ್ರೋ.
"ಇದನ್ನ ಮಾಡಿದ್ದು ಆ ಗಿಡದ ಊರಿಗೆ," ಅಂದು ಕಿಸೆ ಮುಟ್ಟಿಕೊಂಡ.
"ಎರಡೂ ದಾರಿ ತಪ್ಪಿ ಇಲ್ಲಿಗೆ ಬಂದಾವ.
ಅದು ಬೇರು ಬಿಟ್ಟತು. ಇದು ನನ್ನ ಟ್ರಂಕಿನಾಗ."

ಖರೇ ಹೇಳತೀನಿ, ಅದರ ಸಪ್ಪಳ ನಾ ಕೇಳಿಲ್ಲ.
ಆಂವನೂ ಹೊಡದಿರಲಿಲ್ಲ. ಆಂವನ ಅಪ್ಪ ಕಡೀಕ ಹೊಡದದ್ದು
ಬಂಕಾಪುರದ ಕಡೆ, ಕಾಯ್ದೆ ಬರೂಕಿಂತ ಮದಲ, ಒಂದು ಹಂದಿಗೆ;
ತಪ್ಪಿತ್ತಂತ.
ಮೂರು ಉಳದಾವ, ಹೊಸಾವು ಸಿಗೂದಿಲ್ಲ,
ಸಿಕ್ರೂ ಹೊಡಿಯಾಂಗಿಲ್ಲ, ಹೊಡಿಯೂ ಮನಸೂ ಇಲ್ಲ.
"ಹಂಗಾರ ಮತ್ತ ಯಾಕ?" ಜೈಬುನ್ನಿಸಾ ಚಾ ಇಟ್ಟು ಕೇಳತಿದ್ಲು.
ಅಪ್ಪ ಮಗಳ ಮಾರಿ ನೋಡತಿದ್ದ. ನಾ ಬಸಿಗೆ ಚಾ ಸುರುವತಿದ್ದೆ.

ಎಲೆಕ್ಷನ್ ಬಂದಾಗೊಮ್ಮೆ ರೈಫಲ್ ಠಾಣೆಗೆ ಹೋಗತಿತ್ತು,
ಆಸ್ಪತ್ರಿಗೆ ಸೇರಿಸಿದಂಗ, ಕೊಳ್ಳಾಗ ಚೀಟಿ ಕಟಗೊಂಡು.
ಈ ಸಲ ಅದು ಅಲ್ಲಿದ್ದಾಗನ ಹಜರತಸಾಬ ತೀರಿಕೊಂಡ.
ಕಾಡತೂಸು ಒಪ್ಪಿಸಾಕ ಮಗಳು ನನ್ನ ಕರಕೊಂಡು ಹೋದ್ಲು.
ಹವಾಲ್ದಾರ ಲಮಾಣಿ ರಿಜಿಸ್ಟರಿನಾಗ ಬರದ:
ತೋಟಾ, ಹಳೇವು, ಮೂರು. ಅಳತಿ ೯.೩ × ೬.೨.

"ಕಡೀ ಪಾಯಿಂಟ್ ತಗೀರಿ," ಅಂದೆ.
"ಏನ ಫರಕ ಆಗತೈತಿ?"
ವರ್ನಿಯರ್ ತಗದೆ. ಅಳದು ತೋರಿಸಿದೆ. ಮೂರನ್ನೂ.
ಬ್ಯಾಸರಕಿಲೆ ಹೊಡದು ಹಾಕಿ, ಬಾಜೂಕ ತಿದ್ದಿ, ಸಣ್ಣ ಸಹಿ ಮಾಡಿದ.
ಜೈಬುನ್ನಿಸಾ ಕರವಸ್ತ್ರ ತಿರುಗಿ ಇಸಗೊಂಡ್ಲು.
ಅದನ್ನ ಎಲ್ಲೂ ಬರದಿರಲಿಲ್ಲ.

ಬಸ್ಸಿನಾಗ ನೋಡತೀನಿ,
ವರ್ನಿಯರಿನ ಸ್ಕ್ರೂ ಬಿಗದ ಉಳದೈತಿ, ಅರವತ್ತೆರಡಕ್ಕ,
ಬಾಯಿ ತಗದು, ನಡುವ ಏನೂ ಇಲ್ಲದ.
ಶಿಗ್ಗಾಂವಿ ದಾಟೂತನಕ ಸಡಲ ಮಾಡಲಿಲ್ಲ.
ಮರುದಿನ ಸೋಮವಾರ. ಬುಶ್ಶು ಅಳಿಯೂದಿತ್ತು.