ಹದಿಮೂರು ಸರಪಳಿ

ದುರ್ಗಿಗುಡಿಯ ಅಂಗಡಿಯವನು ಎರಡನ್ನೂ ಗಾಜಿನ ಮೇಲಿಟ್ಟ.
ಒಂದು ಕೈಗಡಿಯಾರ, ಆಕಾಶವನ್ನು ಕೇಳಿ ಹೇಳುತ್ತದಂತೆ.
ಇನ್ನೊಂದು ಒಂಟಿಗಣ್ಣಿನ ದುರ್ಬೀನು,
ನೀವು ಗುರಿಯಿಟ್ಟಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದಂತೆ.
‘ಎರಡೂ ಒಳ್ಳೇವೇ ಸರ್,’ ಅಂದ, ಸೀರೆ ಮಾರುವವರ ಹಾಗೆ.
ಪೆನ್ಷನ್ನಿನಲ್ಲಿ ಬರುವುದು ಒಂದೇ.

ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ
ಮೂವತ್ತಮೂರು ಅಡಿಯ ಸರಪಳಿ ಎಳೆಸಿದವನು ನಾನು.
ಅದಕ್ಕೆ ಹದಿನಾರು ಆಣೆ.
ಅಣ್ಣತಮ್ಮಂದಿರ ಜಗಳವೆಲ್ಲ ಅರ್ಧ ಆಣೆಯೊಳಗೆ ಇರುತ್ತಿತ್ತು.
ಕಲ್ಲು ನೆಡಿಸಿ, ಮಹಜರಿಗೆ ಹೆಬ್ಬೆಟ್ಟು ಒತ್ತಿಸಿ
ಹೊಡೆದಾಟಕ್ಕೆ ಮುಂಚೆ ಜೀಪು ಹತ್ತುತ್ತಿದ್ದೆ.

ನಿವೃತ್ತಿಯ ಮೇಲೆ ಗಾಲ್ಫ್ ಅಂಟಿಸಿದವನು ಡೆಂಜಿಲ್ ಲೋಬೊ.
ಬಾಳೆಹೊನ್ನೂರಿನಾಚೆ ಪ್ಲಾಂಟರುಗಳ ಕ್ಲಬ್ಬು, ಒಂಬತ್ತೇ ಗುಳಿ.
ಗ್ರೀನ್ ಅನ್ನುವುದು ಹಸಿರಲ್ಲ,
ಹಳೆ ಎಂಜಿನ್ ಎಣ್ಣೆ ಕಲಸಿದ ಮರಳು.
ಫೇರ್‌ವೇಯಲ್ಲಿ ಕಾಟಿ ಮಲಗಿದ್ದರೆ ಆಟ ನಿಲ್ಲುತ್ತದೆ;
ಆ ನಿಯಮ ಪುಸ್ತಕದಲ್ಲಿಲ್ಲ, ಬಾರಿನ ಗೋಡೆಯ ಮೇಲಿದೆ.

ಲೋಬೊನ ಲೇಸರನ್ನು ಒಂದು ವಾರ ಕಡ ತಂದೆ.
ಐದನೇ ಗುಳಿ. ಬಾವುಟಕ್ಕೆ ಹಿಡಿದು ಗುಂಡಿ ಒತ್ತಿದೆ:
ನೂರ ನಲವತ್ತಮೂರು ಗಜ.
ಹನ್ನೊಂದರಿಂದ ಭಾಗಿಸಿದರೆ ಹದಿಮೂರು ಸರಪಳಿ,
ಒಂದಾಣೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮನಸ್ಸು ತಂಪಾಯಿತು.
ಖುಷಿಗೆ ಮತ್ತೊಮ್ಮೆ ಒತ್ತಿದೆ: ನೂರ ಎಪ್ಪತ್ತಾರು.
ಅದು ಹಿಂದಿನ ಸಿಲ್ವರ್ ಓಕ್.
ಮತ್ತೆ: ಅರವತ್ತೆರಡು. ನಡುವೆ ಮಂಜು ನುಗ್ಗಿತ್ತು,
ಯಂತ್ರ ಮಂಜಿಗೇ ದೂರ ಹೇಳಿತ್ತು. ಸುಳ್ಳಲ್ಲ.
ಮಂಜು ಸರಿದ ಮೇಲೂ ಅಂಕಿ ಕುಣಿಯುತ್ತಲೇ ಇತ್ತು,
ಬಾವುಟ, ಮರ, ಬಾವುಟ, ಮರ,
ಕುಣಿಯುತ್ತಿದ್ದದ್ದು ನನ್ನ ಕೈ.

ಯುಗಾದಿಯಿಂದೀಚೆಗೆ ಇವಳು ಕಾಫಿ ಅರ್ಧ ಲೋಟವೇ ಕೊಡುತ್ತಾಳೆ.
ಸಕ್ಕರೆ ಕಾಯಿಲೆಯ ಲೆಕ್ಕ ಅಂದುಕೊಂಡಿದ್ದೆ.

ಹಾಗಾದರೆ ಗಡಿಯಾರ. ಅದಕ್ಕೆ ಗಟ್ಟಿ ಕೈ ಬೇಡ.
ಲೋಕದ ನಲವತ್ತು ಸಾವಿರ ಮೈದಾನ ಬಾಯಿಪಾಠವಂತೆ.
ಕ್ಲಬ್ಬಿನ ಮೆಟ್ಟಿಲ ಮೇಲೆ ನಿಂತು ಕೇಳಿದೆ.
ಹತ್ತಿರದ ಮೈದಾನ ತೊಂಬತ್ತೆರಡು ಕಿಲೋಮೀಟರ್ ಅಂದಿತು.
ನಾವು ನಿಂತ ನೆಲ ಅದರ ಪಹಣಿಯಲ್ಲಿಲ್ಲ.
‘ಒತ್ತುವರಿ ಕೇಸು ಕಣೋ ನಮ್ಮದು,’ ಅಂತ ಲೋಬೊ ನಕ್ಕ.
ಚೀಲ ಹೊರುವ ಚೆಲ್ಲಮ್ಮ ನಗಲಿಲ್ಲ.
‘ನೀವೇ ಬರಕೊಂಡ್ರೆ ಆಗಲ್ವಾ?’

ಆಗುತ್ತದೆ. ನಿಂತ ಜಾಗದಲ್ಲಿ ಗುಂಡಿ ಒತ್ತಿ ಹಿಡಿದರೆ
ಆ ಜಾಗ ಅದಕ್ಕೆ ನೆನಪಾಗುತ್ತದೆ.
ಸೋಮವಾರ ಕ್ಲಬ್ಬಿಗೆ ರಜೆ. ಚೆಲ್ಲಮ್ಮ ಬಿದಿರು ಗಳು ಹಿಡಿದು ಮುಂದೆ,
ನಾನು ಹಿಂದೆ. ಒಂದೊಂದು ಗ್ರೀನಿನ ಮುಂಚು, ನಡು, ಹಿಂಚು.
ಏಳನೇದರ ಮೇಲೆ ಹಲಸಿನ ಕೊಂಬೆ,
ಉಪಗ್ರಹಗಳು ಎಲೆಯಲ್ಲಿ ಸಿಕ್ಕಿಕೊಂಡವು; ಕಾದೆವು, ಬರಲಿಲ್ಲ.
ಅದನ್ನು ಖಾಲಿ ಬಿಟ್ಟೆ.
ಐದಕ್ಕೆ ಬಂದಾಗ ಗಡಿಯಾರ ನೂರ ನಲವತ್ತೊಂದು ಅಂದಿತು.
ಏರಿನಲ್ಲಿ ಸರಪಳಿ ಮಲಗಿಸಬೇಡ, ಮಟ್ಟಕ್ಕೆ ಹಿಡಿ
ಅನ್ನುವುದು ಕೆಲಸದ ಮೊದಲ ಪಾಠ. ಗಡಿಯಾರವೂ ಕಲಿತಿತ್ತು.
ಚೆಂಡಿಗೆ ಮಾತ್ರ ಏರು ಏರೇ.
ಚೆಲ್ಲಮ್ಮ ಬಾವುಟದ ಕಡೆ ನೋಡಲಿಲ್ಲ,
ನನ್ನ ಬಲಗೈ ನೋಡಿ ಐದನೇ ಕಬ್ಬಿಣ ತೆಗೆದು ಕೊಟ್ಟಳು.
ಹೋದ ವರ್ಷ ಏಳನೇದು ಕೊಡುತ್ತಿದ್ದಳು.

ಗುರುವಾರ ಶಿವಮೊಗ್ಗದಲ್ಲಿ ನರದ ಡಾಕ್ಟರು,
ಚಿಕ್ಕ ವಯಸ್ಸಿನ ಹೆಂಗಸು, ತನ್ನ ಬೆರಳನ್ನು ಗಾಳಿಯಲ್ಲಿ ನೆಟ್ಟಳು.
‘ನಿಮ್ಮ ಮೂಗು ಮುಟ್ಟಿ, ಆಮೇಲೆ ನನ್ನ ಬೆರಳು.’
ನಡುವೆ ಎರಡಡಿ ಇದ್ದೀತು. ಒಂದಾಣೆ.
ಮಂಜಿಲ್ಲ, ಕೊಂಬೆಯಿಲ್ಲ, ಏರಿಲ್ಲ.
ಮೂರು ಸಲ ಹೋಗಿಬಂದೆ.
ಅವಳು ಏನೋ ಬರೆದುಕೊಂಡಳು,
ಅಂಕಿಯಂತೂ ಅಲ್ಲ.